ಕಾಡಮ್ಮನ ಪಾಲು

ನಮ್ಮೂರಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಯ ಮುಖ ನೋಡುವುದಕ್ಕೂ ಮೊದಲು ಕೇಳುವ ಮಾತೊಂದಿದೆ: ಹುಡುಗಿಯ ಹೆಸರಿನಲ್ಲಿ ಎಷ್ಟು ಜನ ಇದ್ದೀರಿ? ನನ್ನನ್ನು ನೋಡಲು ಬಂದಾಗ ಗಿರಿಯಕ್ಕ ಎಂಬ ಹೆಸರಿನಲ್ಲಿ ನಾವು ಮೂವರೇ ಇದ್ದೆವು. ನನ್ನ ಮಾವ ಅದನ್ನು ಕೇಳಿ ಮೀಸೆಯಡಿಯಲ್ಲೇ ನಕ್ಕು, ನಿಂತ ಕಾಲಲ್ಲೇ ಎಲೆಯಡಿಕೆ ತರಿಸಿದ. ನನ್ನ ಬಣ್ಣ ಕಪ್ಪು, ಬಾಯಿ ಜೋರು. ಎರಡನ್ನೂ ಅವತ್ತು ಯಾರೂ ಗಮನಿಸಲಿಲ್ಲ. ಮೂರರಲ್ಲಿ ಒಂದು ಪಾಲು ನೀರು ತರುವ ಸೊಸೆಗೆ ಆ ಕಾಲದಲ್ಲೂ ಬೆಲೆಯಿತ್ತು.

ಹೊರಗಿನವರಿಗೆ ತಿಳಿಯಲಿ ಎಂದು ಒಂದೇ ಸಲ ಹೇಳಿಬಿಡುತ್ತೇನೆ, ಮತ್ತೆ ಕೇಳಬೇಡಿ. ನಮ್ಮ ಕೆರೆ ಹೆಸರು ಕೇಳಿ ನೀರು ಕೊಡುತ್ತದೆ. ತೂಬಿನ ಮುಂದೆ ನಿಂತು ಹೆಸರು ಕೂಗಿದರೆ ಒಂದು ಗುಡಾಣ ತುಂಬುವಷ್ಟು ನೀರು ಬಂದು ತಾನೇ ನಿಲ್ಲುತ್ತದೆ. ಒಂದು ಹೆಸರಿಗೆ ದಿನಕ್ಕೆ ಒಂದೇ ಸಲ. ಆ ಹೆಸರಿನವರು ಒಬ್ಬರೇ ಇದ್ದರೆ ಗುಡಾಣವಿಡೀ ಅವರದ್ದು, ಹತ್ತು ಜನ ಇದ್ದರೆ ಹತ್ತೂ ಜನ ಹಂಚಿಕೊಳ್ಳಬೇಕು. ಕೆರೆಗೆ ಗೊತ್ತಿರುವುದು ಹಳೆಯ ಹೆಸರುಗಳು ಮಾತ್ರ. ಹೊಸ ಹೆಸರು ಕೂಗಿದರೆ ತೂಬು ಸುಮ್ಮನಿರುತ್ತದೆ. ಕೊಡವನ್ನು ನೇರ ಕೆರೆಗೇ ಅದ್ದಿದರೆ ಕೊಡ ಒದ್ದೆಯಾಗುತ್ತದೆ, ತುಂಬುವುದಿಲ್ಲ. ದನ ಮೂತಿ ಇಟ್ಟರೂ ಅಷ್ಟೇ. ಬಾವಿ ತೋಡಿದವರಿಗೆಲ್ಲ ಬಂಡೆ ಸಿಕ್ಕಿದೆ. ಯಾಕೆ ಹೀಗೆ ಎಂದು ಚಿಕ್ಕವಳಿದ್ದಾಗ ನನ್ನ ಅಜ್ಜಿಯನ್ನು ಕೇಳಿದ್ದೆ. "ನೀರು ತಗಂಡು ಬಾ ಹೋಗು, ಹೊತ್ತಾಯ್ತು" ಅಂದಳು. ಅದಕ್ಕಿಂತ ಹೆಚ್ಚಿಗೆ ನಾನೂ ಹೇಳಲಾರೆ.

ಊರು ಬೆಳೆದದ್ದು ಯಾರ ತಪ್ಪೂ ಅಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಹೆತ್ತ ಮಕ್ಕಳಲ್ಲಿ ಅರ್ಧ ಮಣ್ಣಿಗೆ ಹೋಗುತ್ತಿದ್ದವು, ಕೆರೆಯಲ್ಲಿ ಹೆಸರುಗಳು ಮಿಕ್ಕಿರುತ್ತಿದ್ದವು. ಆಮೇಲೆ ಸೂಜಿ ಚುಚ್ಚುವ ನರ್ಸಮ್ಮ ಬಂದಳು. ಸಿಡುಬು ಹೋಯಿತು, ಹೆರಿಗೆಯಲ್ಲಿ ಸಾಯುವವರು ಕಡಿಮೆಯಾದರು, ಗುಡ್ಡದ ಹಿಂದೆ ಕಲ್ಲುಗಣಿ ಶುರುವಾಗಿ ಹೊರಗಿನ ಅಳಿಯಂದಿರು ಇಲ್ಲೇ ಹೆಸರು ಪಡೆದು ಉಳಿದರು. ಮಕ್ಕಳು ಬದುಕಿ ಉಳಿದರೆ ಬೇಡ ಎನ್ನುವ ತಾಯಿ ಯಾರು? ನಾವೂ ಸಂತೋಷಪಟ್ಟೆವು, ತೊಟ್ಟಿಲು ಕಟ್ಟಿದೆವು, ಸಿಹಿ ಹಂಚಿದೆವು. ಹಂಚುತ್ತಾ ಹಂಚುತ್ತಾ ಒಂದೊಂದು ಹೆಸರಿಗೂ ಜನ ಕೂಡುತ್ತಾ ಹೋದರು. ನನ್ನ ತಲೆ ನರೆಯುವ ಹೊತ್ತಿಗೆ ಗಿರಿಯಕ್ಕ ಎನ್ನುವವರು ಒಂಬತ್ತು ಜನರಾಗಿದ್ದೆವು. ಸರದಿಯ ಮೇಲೆ ಒಬ್ಬೊಬ್ಬರು ಕೂಗಿ, ಚೊಂಬಿನಲ್ಲಿ ಅಳೆದು ಹಂಚಿಕೊಳ್ಳುತ್ತಿದ್ದೆವು. ಗಾದ್ರಪ್ಪ ಎಂದು ಬೀದಿಯಲ್ಲಿ ಕೂಗಿದರೆ ಅಷ್ಟೂ ಜಗಲಿಗಳಿಂದ ತಲೆಗಳು ತಿರುಗುತ್ತಿದ್ದವು. ಹಾಗಾಗಿ ಬೀದಿಯಲ್ಲಿ ಹೆಸರು ಹಿಡಿದು ಕರೆಯುವುದನ್ನೇ ಜನ ಬಿಟ್ಟರು. ಮೀಸೆ, ಅಂಗಡಿ, ಮೂಲೆಮನೆ, ಕುಂಟ, ಹೀಗೆ ಏನಾದರೊಂದು. ನನ್ನ ಅಳಿಯ ಸಂತೆಯಲ್ಲಿ ಬೆಲ್ಲ ಮಾರುತ್ತಿದ್ದ, ಅವನಿಗೆ ಬೆಲ್ಲ ಎಂದೇ ಹೆಸರು. ಬಾಯಿ ತುಂಬ ಹೆಸರು ಹಿಡಿದು ಕರೆಸಿಕೊಳ್ಳುತ್ತಿದ್ದವನು ಊರ ಯಜಮಾನ ಪಾತಲಿಂಗಪ್ಪ ಒಬ್ಬನೇ. ಆ ಹೆಸರಿನಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಕರೆದಾಗಲೆಲ್ಲ ಒಂದು ಸಲಕ್ಕೆ ಓಗೊಡದೆ ಎರಡನೆಯ ಸಲ ಕರೆಸಿಕೊಂಡು ತಿರುಗುತ್ತಿದ್ದ.

ಹೊಸ ಕೂಸು ಹುಟ್ಟಿದರೆ ಯಾವುದಾದರೂ ಹೆಸರಿನವರು ಅದನ್ನು ತಮ್ಮ ಜೊತೆ ಸೇರಿಸಿಕೊಳ್ಳಲು ಒಪ್ಪಬೇಕು. ಆ ಹೆಸರಿನ ಒಬ್ಬರು ಬೇಡ ಅಂದರೂ ಮುಗಿಯಿತು. ಮೊದಮೊದಲು ಎಲ್ಲರೂ ಒಪ್ಪುತ್ತಿದ್ದರು. ಬರಬರುತ್ತಾ ಚೊಂಬು ತಳ ಕಾಣತೊಡಗಿದ ಮೇಲೆ ಹತ್ತಿರದ ನೆಂಟರೂ ಮುಖ ತಿರುಗಿಸಿದರು. ಹೆಸರಿಲ್ಲದ ಕೂಸುಗಳು ತಾಯಿಯ ಪಾಲಿನಲ್ಲೇ ಬೆಳೆಯಬೇಕಾಯಿತು. ನೀರಿನ ಕಥೆ ಹೀಗಾದರೆ ಮಿಕ್ಕಿದ್ದರದ್ದು ಹೇಳಬೇಕೇ? ಹಿತ್ತಿಲ ಹಿಂದೆ ಸಿಗುತ್ತಿದ್ದ ಸೌದೆಗೆ ಈಗ ಎರಡು ಗುಡ್ಡ ದಾಟಬೇಕಿತ್ತು. ದನ ಮೇಯುತ್ತಿದ್ದ ಗೋಮಾಳದಲ್ಲಿ ಮನೆಗಳೆದ್ದಿದ್ದವು. ಮೂಡಲ ಹೊಲದ ಕೆಂಪು ಮಣ್ಣೆಲ್ಲ ಇಟ್ಟಿಗೆಯಾಗಿ ಆ ಮನೆಗಳ ಗೋಡೆ ಸೇರಿತ್ತು. ಒಂದು ಎಮ್ಮೆ ಸಾಕಲು ಬೇಕಾದ ನೀರಿನಲ್ಲಿ ಒಂದು ಮನೆ ಬದುಕುತ್ತಿತ್ತು, ಹಾಗಾಗಿ ಎಮ್ಮೆಗಳು ಸಂತೆಗೆ ಹೋದವು, ಹಸುಗಳಷ್ಟೇ ಉಳಿದವು.

ಇಷ್ಟರ ಮಧ್ಯೆಯೂ ಯಾರೂ ಕೈ ಹಾಕದ ಹೆಸರೊಂದಿತ್ತು. ಅದು ಕಾಡಮ್ಮ. ಹಿರಿಯರು ಅದನ್ನು ಮೂಕಪ್ರಾಣಿಗಳಿಗೆ ಬಿಟ್ಟಿದ್ದರು. ದನ, ನಾಯಿ, ಹಕ್ಕಿ, ಹಾವು, ನರಿ, ಜೇನು, ಎಲ್ಲಕ್ಕೂ ಸೇರಿ ಒಂದೇ ಹೆಸರು. ಆ ಹೆಸರಿಗೆ ಗುಡಾಣದ ಲೆಕ್ಕವಿಲ್ಲ. ಕೂಗಿದರೆ ತೂಬಿನ ಪಕ್ಕದ ಕಲ್ಲುತೊಟ್ಟಿ ತುಂಬಿ, ಉಕ್ಕಿ, ಸಣ್ಣ ಕಾಲುವೆಯಲ್ಲಿ ಹರಿದು ಕೆಳಗಿನ ಕುರುಚಲು ಕಾಡಿನಲ್ಲಿ ಇಂಗುತ್ತಿತ್ತು. ಹೊಂಗೆ, ಕಕ್ಕೆ, ಕಾರೆ, ಬೋರೆ, ಊರಿಗೆ ಉಳಿದ ಹಸಿರೆಂದರೆ ಅದೊಂದೇ. ಪ್ರಾಣಿಗಳು ತಾವೇ ಕೂಗಲಾರವಲ್ಲ, ಅವುಗಳ ಪರವಾಗಿ ಕೂಗುವ ಕೆಲಸ ನನ್ನ ಅತ್ತೆಯದ್ದಾಗಿತ್ತು, ಆಮೇಲೆ ನನ್ನದಾಯಿತು. ಎಲ್ಲರಿಗಿಂತ ಮೊದಲು, ಕೆರೆಯ ಮೇಲೆ ಬೆಳಕು ಬೀಳುವ ಹೊತ್ತಿಗೆ ನಾನು ಹೋಗಿ ಕೂಗಬೇಕು. ಮೊದಲು ಮೂಕಪ್ರಾಣಿ, ಆಮೇಲೆ ಮನುಷ್ಯರು. ಇದಕ್ಕೇ ಊರವರೆಲ್ಲ ನನ್ನನ್ನು ತೊಟ್ಟಿಯಕ್ಕ ಎಂದು ಕರೆಯುತ್ತಿದ್ದರು. ಆ ಕೆಲಸ ನನಗೆ ಬಹಳ ಇಷ್ಟವಾಗಿತ್ತು. ಒಂಬತ್ತರಲ್ಲಿ ಒಂದು ಪಾಲಿನವಳಾದ ನಾನು ಬಾಯಿಬಿಟ್ಟರೆ ಕೆರೆ ಉಕ್ಕಿ ಬರುತ್ತದೆ ಎಂದರೆ ಸಾಮಾನ್ಯವೇ? ಸ್ವಲ್ಪ ಜಂಬ ಇತ್ತು, ಇಲ್ಲ ಎನ್ನುವುದಿಲ್ಲ.

ನನ್ನ ಮಗಳು ಸಿದ್ದಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಬೇಸಿಗೆ ಕಾಲಿಡುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಕೂಸಿಗೆ ಒಳ್ಳೆ ಗಂಟಲು ಇತ್ತು, ಮೈಕೈ ತುಂಬಿಕೊಂಡಿತ್ತು. ಸಿದ್ದಕ್ಕ ಎಂಬ ಹೆಸರಿನವರು ಆಗಲೇ ಹದಿನಾಲ್ಕು ಜನ. ಅವರು ಕೇಳುವ ಮೊದಲೇ ಇಲ್ಲ ಎಂದರು. ನಾನು ಗಿರಿಯಕ್ಕಂದಿರ ಹತ್ತಿರ ಹೋದೆ. ಎಂಟೂ ಜನರ ಮನೆ ಹೊಸ್ತಿಲು ತುಳಿದೆ. ಮೂಲೆಮನೆಯವಳು ಬಾಗಿಲಲ್ಲೇ ನಿಂತು, "ನಿನ್ನ ಮೊಮ್ಮಗಳು ಅಂದ್ರೆ ನನ್ನ ಮೊಮ್ಮಗಳೇ ಕಣಕ್ಕ. ಎಣ್ಣೆ ಕೇಳು, ಬಟ್ಟೆ ಕೇಳು, ಕೊಡ್ತೀನಿ. ನೀರು ಮಾತ್ರ ಕೇಳ್ಬೇಡ" ಅಂದಳು. ಅವಳ ಮೇಲೆ ಕೋಪ ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆ. ಬಾಣಂತಿಗೆ ಬಿಸಿನೀರು ಬೇಕು, ಕೂಸಿಗೆ ಸ್ನಾನ ಬೇಕು, ಬಟ್ಟೆ ಒಗೆಯಬೇಕು. ನನ್ನ ಪಾಲು, ಮಗಳ ಪಾಲು, ಅಳಿಯ ತಂದುಕೊಡುತ್ತಿದ್ದ ಪಾಲು, ಮೂರೂ ಸೇರಿಸಿದರೂ ಮಧ್ಯಾಹ್ನದ ಹೊತ್ತಿಗೆ ಮಡಕೆ ಬೋರಲು ಬೀಳುತ್ತಿತ್ತು. ಸಿದ್ದಕ್ಕ ತಾನು ಕುಡಿಯದೆ ಉಳಿಸಲು ಹೋಗಿ ಎದೆಹಾಲು ಕಡಿಮೆಯಾಯಿತು. ಕೂಸು ಒದ್ದೆ ಬಟ್ಟೆಯ ತುದಿಯನ್ನು ಚೀಪುತ್ತಾ ಮಲಗುತ್ತಿತ್ತು.

ಹೆಸರಿಲ್ಲದ ಕೂಸು ನಮ್ಮದೊಂದೇ ಆಗಿರಲಿಲ್ಲ, ಆ ವರ್ಷ ಮನೆಮನೆಯಲ್ಲೂ ಇದೇ ಗೋಳು. ಪಾತಲಿಂಗಪ್ಪ ಊರವರನ್ನು ಕಟ್ಟೆಗೆ ಕರೆಸಿದ. ಕಾಡಮ್ಮನ ಹೆಸರನ್ನು ಈ ಕೂಸುಗಳಿಗೆ ಇಡೋಣ ಎಂದು ನೇರವಾಗಿಯೇ ಹೇಳಿದ. ಪ್ರಾಣಿಗಳ ಪರವಾಗಿ ಬೇಡ ಎನ್ನಬಲ್ಲವಳು ನಾನೊಬ್ಬಳೇ, ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

"ಮನುಷ್ಯರ ಕೂಸು ಬಾಯಿ ಒಣಗಿಸ್ಕಂಡು ಮಲಗೈತೆ. ಅತ್ಲಾಗೆ ನರಿ ಹೊಟ್ಟೆ ತುಂಬ ಕುಡಿದು ಊಳಿಡ್ತೈತೆ. ಇದು ಯಾವ ನ್ಯಾಯ ತೊಟ್ಟಿಯಕ್ಕ?" ಅಂದ.

"ನರಿ ಕುಡಿಯೋದು ಅದರ ಹೆಸರಲ್ಲಿ, ಪಾತಲಿಂಗಣ್ಣ. ನಿಮ್ಮ ಹೆಸರಲ್ಲಿ ನೀವೊಬ್ರೇ ದಿನಕ್ಕೆರಡು ಸಲ ಮೈ ತೊಳೀತೀರಲ್ಲ, ಅದು ಯಾವ ನ್ಯಾಯ?" ಅಂದೆ.

ಜನ ನಕ್ಕರು. ಅವನು ನಾಚಿಕೊಳ್ಳುವ ಆಸಾಮಿಯಲ್ಲ. "ನನ್ನ ಹೆಸರು ನಮ್ಮಪ್ಪ ನಂಗೆ ಕೊಟ್ಟಿದ್ದು. ಕಾಡಮ್ಮನ್ನ ಹೆತ್ತೋರು ಯಾರು, ಹೇಳು ನೋಡಾನ. ಕೇಳೋರಿಲ್ಲದ ಹೆಸರು, ಬೇಕಾದೋರು ತಗಳ್ಳಲಿ" ಅಂದ.

ಕಾಡು ಒಣಗಿದರೆ ಊರಿಗೇ ಕೇಡು, ಜೇನು ಹೋಗುತ್ತದೆ, ನೆರಳು ಹೋಗುತ್ತದೆ ಎಂದೆಲ್ಲ ನಾನು ಹೇಳಿದೆ. ಜೋರಾಗಿಯೇ ಹೇಳಿದೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ನಮ್ಮ ಕೂಸು ಅಳತೊಡಗಿತು. ಸಿದ್ದಕ್ಕ ಎದ್ದು ಬಂದು ನನ್ನ ಮುಂದೆ ನಿಂತಳು. "ಅವ್ವ, ನಾನು ನಿನ್ನ ಕೇಳ್ತಿಲ್ಲ. ಈ ಕೂಸು ಕೇಳ್ತೈತೆ" ಅಂದಳು. ನಾನು ಒಪ್ಪಿದೆ. ಮೊಮ್ಮಗಳು ಒಣ ಬಾಯಲ್ಲಿ ಅಳುವಾಗ ಒಪ್ಪದೆ ಇರುವ ಗಟ್ಟಿಗರು ಯಾರಾದರೂ ಇದ್ದರೆ ಅವರ ಮುಖ ನಾನೂ ಒಮ್ಮೆ ನೋಡಬೇಕು. ಮಾರನೆಯ ದಿನ ಕಾಡಮ್ಮ ಎಂಬ ಹೆಸರಿಟ್ಟ ಮೊದಲ ಕೂಸು ನನ್ನ ಮೊಮ್ಮಗಳೇ. ಅವಳ ಬೆನ್ನಿಗೇ ಊರಿನ ಹೆಸರಿಲ್ಲದ ಕೂಸುಗಳೆಲ್ಲ ಕಾಡಮ್ಮಗಳಾದವು. ಗಂಡು ಕೂಸಿಗೂ ಅದೇ ಹೆಸರು. ಮುಂದೆ ಇವುಗಳಿಗೆ ಮೀಸೆ ಬಂದಾಗ ಏನು ಗತಿ ಎಂದು ನಾವೆಲ್ಲ ನಕ್ಕೆವು.

ಕೆರೆ ಯಾವ ತಕರಾರೂ ಮಾಡದೆ ನೀರು ಕೊಟ್ಟಿತು. ತೊಟ್ಟಿಗೆ ಬೀಳುತ್ತಿದ್ದ ಅಷ್ಟೂ ನೀರು ಕೂಸಿದ್ದ ಮನೆಗಳಿಗೆ ಹಂಚಿಹೋಯಿತು. ಒಂದೊಂದು ಮನೆಗೆ ಗುಡಾಣ ತುಂಬಿ ಮಿಗುವಷ್ಟು ಬಂತು. ಸಿದ್ದಕ್ಕನ ಎದೆಹಾಲು ಹೆಚ್ಚಿತು, ಕೂಸಿನ ಕೆನ್ನೆ ಉಬ್ಬಿತು. ಕೂಸಿದ್ದ ಮನೆಯವರು ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡತೊಡಗಿದರು. ಇದನ್ನು ಕಂಡು ಪಕ್ಕದ ಮನೆಯವರು ಸುಮ್ಮನಿರುತ್ತಾರೆಯೇ? ಕೂಸು ಬಂದರೆ ನೀರು ಬರುತ್ತದೆ ಎಂದಾದ ಮೇಲೆ ಮಗನಿಗೆ ಮದುವೆ ಈಗ ಬೇಡ ಎನ್ನುತ್ತಿದ್ದವರು ವಾಲಗ ಊದಿಸಿದರು. ಎರಡು ಸಾಕು ಎಂದಿದ್ದವರಿಗೆ ಮೂರನೆಯದ್ದು ಬೇಕೆನಿಸಿತು. ಮುಂದಿನ ವರ್ಷ ಕಾಡಮ್ಮಗಳ ಸಂಖ್ಯೆ ಎರಡರಷ್ಟಾಯಿತು, ಗುಡಾಣ ಅರ್ಧಕ್ಕಿಳಿಯಿತು. ಆದರೂ ಯಾರಿಗೂ ಗಾಬರಿಯಾಗಲಿಲ್ಲ, ಮೊದಲಿನದಕ್ಕಿಂತ ಇದೇ ವಾಸಿ ಎಂದುಕೊಂಡರು.

ತೊಟ್ಟಿ ಒಣಗಿದ ಮೇಲೂ ದನಗಳು ಅದೇ ಹೊತ್ತಿಗೆ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದವು. ಕೆಲವು ದಿನ ಹಾಗೇ ನಿಂತು, ಆಮೇಲೆ ಊರೊಳಗೆ ಬಂದವು. ಯಾರ ಮೇಲೂ ಹಾಯಲಿಲ್ಲ, ಏನನ್ನೂ ಕೆಡವಲಿಲ್ಲ. ಮನೆಯ ಮುಂದೆ ಬಂದು ಬಾಗಿಲೊಳಗೆ ತಲೆಯಿಟ್ಟು ನೋಡುತ್ತಾ ನಿಂತವು, ಅಷ್ಟೇ. ನೀವು ಊಟಕ್ಕೆ ಕೂತು ಲೋಟ ಎತ್ತಿದ್ದೀರಿ, ಬಾಗಿಲಲ್ಲಿ ಹಸು ನಿಮ್ಮನ್ನೇ ನೋಡುತ್ತಿದೆ. ಗಂಟಲಲ್ಲಿ ನೀರು ಇಳಿಯುತ್ತದೆಯೇ? ಬೈದುಕೊಂಡೇ ಎದ್ದು ಒಂದು ಚೊಂಬು ಹೊರಗೆ ಸುರಿದುಬರುತ್ತಿದ್ದರು. ಜೇನುಹುಳುಗಳು ಒಗೆದು ಹರವಿದ ಸೀರೆಗಳ ಮೇಲೆ ಕೂತವು. ಸೀರೆ ಕೊಡವಿ ಉಡದಿದ್ದರೆ ಬೆನ್ನು ಊದುತ್ತಿತ್ತು. ಹಾವುಗಳು ನೀರಿನ ಮಡಕೆಯ ಬುಡದ ತಂಪಿಗೆ ಬಂದು ಸುತ್ತಿಕೊಂಡವು. ಮಡಕೆಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟುವುದನ್ನು ಮಕ್ಕಳಿಗೂ ಕಲಿಸಿದೆವು.

ಆಮೇಲೆ ಜೇನೂ ಬರಲಿಲ್ಲ. ಕೆಳಗಿನ ಕುರುಚಲು ಮೊದಲು ಹಳದಿಯಾಯಿತು, ಆಮೇಲೆ ಬೂದಿಬಣ್ಣಕ್ಕೆ ತಿರುಗಿತು. ಸೌದೆಗೆ ಹತ್ತಿರವಾಯಿತು ಎಂದು ಹೆಂಗಸರು ಅದನ್ನೂ ಕಡಿದು ತಂದರು. ಬೇಕಾದಷ್ಟು ಸೌದೆ ಕಂಡದ್ದು ಆ ವರ್ಷವೇ. ಕುಂಬಳ, ಹೀರೆ, ಸೋರೆಯ ಬಳ್ಳಿಗಳು ಚಪ್ಪರದ ತುಂಬ ಹೂಬಿಟ್ಟವು, ಒಂದೇ ಒಂದು ಕಾಯಿ ಕಚ್ಚಲಿಲ್ಲ. ಪಕ್ಕದ ಮನೆಯ ಮಾಳಕ್ಕ ನನಗಿಂತ ಹಿರಿಯಳು, ಕೈಯಲ್ಲಿ ಕೋಳಿಪುಕ್ಕ ಹಿಡಿದು ಹೂವಿಂದ ಹೂವಿಗೆ ತಟ್ಟುತ್ತಾ ಚಪ್ಪರದಡಿಯಲ್ಲಿ ಬಗ್ಗಿಕೊಂಡು ಓಡಾಡುತ್ತಿದ್ದಳು. "ಏನೇ, ಜೇನಾಗಿದ್ದೀಯಾ?" ಎಂದು ಕೇಳಿದೆ. "ಹೂಂ ಕಣೆ, ಈ ವಯಸ್ಸಿಗೆ ರೆಕ್ಕೆ ಬಂದೈತೆ. ಸೊಂಟ ಹಿಡಿದೋಯ್ತು" ಅಂದಳು. ಸ್ವಲ್ಪ ದಿನದಲ್ಲಿ ಊರಿನ ಹೆಂಗಸರೆಲ್ಲ ಬೆಳಗಾದರೆ ಪುಕ್ಕ ಹಿಡಿಯುವಂತಾಯಿತು. ಅಷ್ಟು ಮಾಡಿದರೂ ಬಳ್ಳಿಗೊಂದು ಕಾಯಿ ಬಿಟ್ಟರೆ ಹೆಚ್ಚು.

ಅಷ್ಟಾದರೂ ಹೆಸರು ವಾಪಸ್ಸು ಕೊಡೋಣ ಎಂದು ಒಬ್ಬರ ಬಾಯಿಂದಲೂ ಬರಲಿಲ್ಲ. ನಾನೂ ಹೇಳಲಿಲ್ಲ. ಹೇಳಬೇಕಾದರೆ ಮೊದಲು ನನ್ನ ಮೊಮ್ಮಗಳ ಬಾಯಿಂದಲೇ ನೀರು ಕಿತ್ತುಕೊಳ್ಳಬೇಕಲ್ಲ. ಕಾಡಮ್ಮನ ಹೆಸರು ಬಿಟ್ಟರೆ ಅವಳಿಗೆ ಇನ್ನೊಂದು ಹೆಸರಿಲ್ಲ.

ಒಂದು ಮಧ್ಯಾಹ್ನ ಮೊಮ್ಮಗಳು ಜಗಲಿಯಲ್ಲಿ ಮಲಗಿದ್ದಳು. ಸೆಖೆಗೆ ಹಿಂಸೆಪಡುತ್ತಾಳೆ ಎಂದು ಸಿದ್ದಕ್ಕ ಒದ್ದೆ ಬಟ್ಟೆಯನ್ನು ಎದೆಯ ಮೇಲೆ ಹಾಕಿ ಒಳಗೆ ಹೋಗಿದ್ದಳು. ನಾನು ಕಂಬಕ್ಕೆ ಒರಗಿ ಅವರೆ ಸುಲಿಯುತ್ತಿದ್ದೆ. ಕರಿಮೂತಿಯ ಮುಸುವ ಕೋತಿಯೊಂದು ಮಾಡಿನಿಂದ ಇಳಿಯಿತು. ಅದರ ಹೊಟ್ಟೆಗೆ ಮರಿ ಅಂಟಿಕೊಂಡಿತ್ತು. ನನ್ನನ್ನು ನೋಡಿತು, ಓಡಲಿಲ್ಲ. ಮೊಮ್ಮಗಳ ಎದೆಯ ಮೇಲಿನ ಬಟ್ಟೆಯನ್ನು ಮೆಲ್ಲಗೆ ಎಳೆದುಕೊಂಡು, ಅದರ ತುದಿಯನ್ನು ಬಾಯಲ್ಲಿಟ್ಟು ಚೀಪತೊಡಗಿತು. ಮರಿ ಮೊಲೆ ಬಿಟ್ಟು ಬಿಟ್ಟು ಹಿಡಿಯುತ್ತಿತ್ತು. ಅದರಲ್ಲಿ ಹಾಲಿರಲಿಲ್ಲ. ಸಿದ್ದಕ್ಕ ಹೊರಗೆ ಬಂದವಳು ಕೋಲು ಎತ್ತಿದಳು. ಎತ್ತಿದವಳು ಹಾಗೇ ನಿಂತಳು. ಮುಸುವ ಬಟ್ಟೆಯ ತೇವವೆಲ್ಲ ಹೀರಿ, ಅದನ್ನು ಅಲ್ಲೇ ಬಿಟ್ಟು ಮಾಡು ಹತ್ತಿತು. ಸಿದ್ದಕ್ಕ ಕೋಲು ಕೆಳಗಿಟ್ಟು ನನ್ನ ಪಕ್ಕದಲ್ಲಿ ಕೂತಳು.

"ನಂಗೂ ಹಂಗೇ ಆಗಿತ್ತಲ್ಲವ್ವ" ಅಂದಳು. "ಆದ್ರೂ ನಾನು ನನ್ನ ಮಗೀಗೆ ಕೊಟ್ಟಿದ್ದನ್ನ ಕಿತ್ಕಳಕ್ಕೆ ಬಿಡಾಕಿಲ್ಲ. ಬೇಕಾದ್ರೆ ನೀನು ನನ್ನ ಬೈಯಿ."

"ಯಾಕ್ ಬೈಲಿ? ತಾಯಿ ಅಂದ್ಮೇಲೆ ಹಂಗೇ ಇರಬೇಕು" ಅಂದೆ. ಹೇಳುತ್ತಿದ್ದ ಹಾಗೇ ನನ್ನ ತಲೆಯಲ್ಲಿ ವಿಷಯ ಇತ್ಯರ್ಥವಾಯಿತು. ಇಷ್ಟು ಸುಲಭದ್ದು ಅಷ್ಟು ದಿನ ಹೊಳೆಯದೆ ಹೋದದ್ದಕ್ಕೆ ಕಾರಣವೆಂದರೆ, ಸತ್ತ ಮೇಲೆ ಮಾತ್ರ ಹೆಸರು ಬಿಡುವುದು ಎಂದು ನಾವೆಲ್ಲ ತಿಳಿದುಕೊಂಡಿದ್ದೆವು. ಹಾಗೆಂದು ಹೇಳಿದ್ದು ಯಾರು ಎಂದು ಯಾರಿಗೂ ಗೊತ್ತಿರಲಿಲ್ಲ.

ಮಾರನೆಯ ಬೆಳಗ್ಗೆ ತೂಬಿನ ಮುಂದೆ ಜನ ಕೊಡ ಹಿಡಿದು ನಿಂತಿದ್ದರು. ನಾನು ಎಲ್ಲರ ಎದುರಿಗೆ ನಿಂತು ಹೇಳಿದೆ. ಗಿರಿಯಕ್ಕ ಎಂಬ ಹೆಸರಿನಲ್ಲಿ ನನಗಿರುವ ಪಾಲು ಇವತ್ತಿನಿಂದ ನನ್ನ ಮೊಮ್ಮಗಳದ್ದು. ನಾನು ಹೋಗಿ ಅವಳು ಬರುತ್ತಾಳೆ, ಒಂಬತ್ತು ಒಂಬತ್ತೇ ಆಗಿರುತ್ತದೆ, ಯಾರ ಒಪ್ಪಿಗೆಯೂ ಬೇಕಿಲ್ಲ. ಕಾಡಮ್ಮನಲ್ಲಿ ಅವಳಿಗಿದ್ದ ಪಾಲನ್ನು ಇವತ್ತೇ ತೊಟ್ಟಿಗೆ ಸುರಿಯುತ್ತೇನೆ. ಗಿರಿಯಕ್ಕಂದಿರು ಬೆರಳು ಮಡಚಿ ಎಣಿಸಿದರು, ಒಂಬತ್ತೇ ಬಂತು.

ಪಾತಲಿಂಗಪ್ಪ ಕೊಡ ಕೆಳಗಿಟ್ಟು ಮುಂದೆ ಬಂದ. "ಬದುಕಿರೋರು ಹೆಸರು ಬಿಡೋದು ಎಲ್ಲಾದ್ರೂ ಉಂಟಾ? ಅಪಶಕುನ" ಅಂದ.

"ಸತ್ತೋರ ಹೆಸರು ಇಟ್ಕಂಡೇ ನಾವೆಲ್ಲ ಬದುಕಿರೋದು, ಪಾತಲಿಂಗಣ್ಣ. ಅದು ಶಕುನ, ಇದು ಅಪಶಕುನವಾ?"

"ನೀರೇನು ಕುಡಿತೀಯ?"

"ತೊಟ್ಟೀಲಿ ಕುಡಿತೀನಿ, ದನದ ಜೊತೆ. ಅವು ಕುಡಿದು ಮಿಕ್ಕಿದ್ದು ಒಂದು ಮುದುಕಿಗೆ ಸಾಲಲ್ವಾ?"

"ಹೆಸರೇ ಇಲ್ದಿದ್ಮೇಲೆ ನಿನ್ನ ಏನಂತ ಕರೆಯೋದು?"

"ಈಗ ಏನಂತ ಕರೀತಿದ್ದೀರೋ ಹಂಗೇ ಕರೀರಿ" ಅಂದೆ. ಹಿಂದೆ ನಿಂತವರು ನಕ್ಕರು. ನಕ್ಕವರಲ್ಲಿ ಮಾಳಕ್ಕನೂ ಇದ್ದಳು, ಆದರೆ ಅವಳು ಬೇಗ ನಗು ನಿಲ್ಲಿಸಿ ತನ್ನ ಮೊಮ್ಮಗನ ಕಡೆ ನೋಡಿದ್ದನ್ನು ನಾನು ಗಮನಿಸಿದೆ.

ಅವತ್ತು ತೊಟ್ಟಿಯ ತಳ ಒದ್ದೆಯಾಗುವಷ್ಟು ನೀರು ಬಿತ್ತು. ಮೊದಲು ಗುಬ್ಬಿಗಳು ಬಂದವು, ಆಮೇಲೆ ಒಂದು ಮುದಿ ಹಸು ಬಂದು ಕಲ್ಲನ್ನೇ ನೆಕ್ಕಿತು. ಅದು ಹೋದ ಮೇಲೆ ನಾನು ಬಗ್ಗಿ, ಮೂಲೆಯಲ್ಲಿ ಉಳಿದದ್ದನ್ನು ಬೊಗಸೆಯಲ್ಲಿ ಎತ್ತಿ ಕುಡಿದೆ. ಊರೆಲ್ಲ ನೋಡುತ್ತಿತ್ತು. ನೋಡಲಿ ಎಂದೇ ನಿಧಾನವಾಗಿ ಕುಡಿದೆ. ನೀರಿಗೆ ಕಲ್ಲಿನ ರುಚಿ ಇತ್ತು, ದನದ ಉಸಿರಿನ ವಾಸನೆಯೂ ಇತ್ತು. ಅದಕ್ಕಿಂತ ಕೆಟ್ಟ ನೀರನ್ನು ಬೀಗರ ಮನೆಯಲ್ಲಿ ಕುಡಿದಿದ್ದೇನೆ.

ಎರಡು ವಾರ ನಾನೊಬ್ಬಳೇ. ಬೆಲ್ಲ ದಿನಾ ಬಂದು "ಅತ್ತೆ, ನನ್ನ ಪಾಲಿಂದ ಒಂದು ಚೊಂಬು ತಗಳಿ, ಯಾರಿಗೂ ಹೇಳಲ್ಲ" ಎಂದು ಗೋಗರೆದ. ತೆಗೆದುಕೊಂಡಿದ್ದರೆ ಆಟ ಕೆಡುತ್ತಿತ್ತು. ಬಾಯಾರಿಕೆ ಆಗುತ್ತಿತ್ತು, ಸುಳ್ಳು ಯಾಕೆ. ಮೂರನೆಯ ವಾರದಲ್ಲಿ ಮಾಳಕ್ಕ ಬಂದು ತನ್ನ ಹೆಸರನ್ನು ಮೊಮ್ಮಗನಿಗೆ ಬಿಟ್ಟಳು. ಹುಡುಗ ಮಾಳಕ್ಕನಾದ. "ಕಾಡಮ್ಮ ಆಗಿದ್ದೋನು ಮಾಳಕ್ಕ ಆದ್ರೆ ಏನು ನಷ್ಟ? ನಂಗೆ ಪುಕ್ಕ ಹಿಡಿದು ಸಾಕಾಯ್ತು ಕಣೆ" ಎಂದು ನನ್ನ ಪಕ್ಕದಲ್ಲಿ ಸೊಂಟ ಹಿಡಿದುಕೊಂಡು ಬಗ್ಗಿದಳು. ಅವಳ ಹಿಂದೆ ಅಂಗಡಿಯವನ ಅಪ್ಪ, ಕುಂಟನ ತಾಯಿ, ಹೀಗೆ ಒಬ್ಬೊಬ್ಬರೇ. ಕೆಲವರನ್ನು ಸೊಸೆಯಂದಿರು ನೂಕಿದರು ಎಂದೂ ಗೊತ್ತು. ಒಲ್ಲದ ಮನಸ್ಸಿನಿಂದ ಬಂದವರು ಬಾಯಿ ಮುಚ್ಚಿಕೊಂಡು ಕುಡಿದು ಹೋಗುತ್ತಿದ್ದರು, ಬರಬರುತ್ತಾ ಅವರೇ ಮಾತಿಗೆ ಕೂರತೊಡಗಿದರು. ಒಬ್ಬೊಬ್ಬರು ಬಂದ ಹಾಗೂ ಒಂದೊಂದು ಕೂಸು ಕಾಡಮ್ಮನಿಂದ ಕಳಚಿಕೊಂಡು, ಅದರ ಪಾಲು ತೊಟ್ಟಿಗೆ ಬೀಳುತ್ತಿತ್ತು. ಮುದುಕರು ಎಷ್ಟು ತಾನೇ ಕುಡಿದೇವು? ತೊಟ್ಟಿಯಲ್ಲಿ ನೀರು ಮೊಳಕಾಲಿಗೆ ಬಂತು, ಅಂಚಿಗೆ ಬಂತು, ಒಂದು ದಿನ ಉಕ್ಕಿ ಕಾಲುವೆಗೆ ಇಳಿಯಿತು. ಆ ದಿನ ನಾವೆಲ್ಲ ಕೆಲಸ ಬಿಟ್ಟು ನೀರಿನ ಜೊತೆಗೇ ಕುರುಚಲಿನವರೆಗೆ ನಡೆದುಹೋದೆವು.

ಕಡಿದ ಮರಗಳು ಬುಡದಿಂದ ಚಿಗುರಿವೆ. ಹೊಂಗೆ ನನ್ನ ಎದೆಯಷ್ಟಾಗಿದೆ. ಜೇನು ಬಂದಿದೆ, ಇನ್ನೂ ಮೊದಲಿನಷ್ಟಿಲ್ಲ, ಹಾಗಾಗಿ ಪುಕ್ಕಗಳನ್ನು ಯಾರೂ ಎಸೆದಿಲ್ಲ. ಪಾತಲಿಂಗಪ್ಪ ಹೆಸರು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ದಿನಕ್ಕೆ ಒಂದೇ ಸ್ನಾನ ಮಾಡುತ್ತಾನೆ, ಮಿಕ್ಕಿದ್ದನ್ನು ತಾನೇ ಹೊತ್ತು ತಂದು ತೊಟ್ಟಿಗೆ ಸುರಿಯುತ್ತಾನೆ. ಹೊಸದಾಗಿ ಮದುವೆಯಾದವರು ಈಗ ಮನೆಯಲ್ಲಿ ಅಜ್ಜ ಅಜ್ಜಿ ಎಷ್ಟಿದ್ದಾರೆ ಎಂದು ನೋಡಿಕೊಂಡು ಮಕ್ಕಳ ಮಾತೆತ್ತುತ್ತಾರೆ. ನಮ್ಮಂಥವರಿಗೆ ಇದ್ದಕ್ಕಿದ್ದಂತೆ ಮರ್ಯಾದೆ ಹೆಚ್ಚಾಗಿದೆ. ಬೆಲ್ಲ ಎರಡನೆಯದರ ಬಗ್ಗೆ ಒಮ್ಮೆ ಬಾಯಿಬಿಟ್ಟಾಗ ಸಿದ್ದಕ್ಕ, "ನಿಮ್ಮವ್ವನ್ನ ಕೇಳ್ಕಂಡು ಬನ್ನಿ, ಹೆಸರು ಬಿಡ್ತಾರಾ ಅಂತ" ಅಂದಳು. ಅವನು ಕೇಳಲು ಹೋಗಲಿಲ್ಲ.

ಮಕ್ಕಳಿಗೆ ನಾಲಿಗೆ ತಿರುಗುವವರೆಗೆ ಅವರ ಪರವಾಗಿ ತಾಯಿ ಕೂಗುತ್ತಾಳೆ. ಮಗು ತಾನೇ ನಿಂತು ಕೂಗುವ ಮೊದಲ ದಿನ ಊರಿಗೆಲ್ಲ ಬೆಲ್ಲ ಹಂಚುವುದು ಪದ್ಧತಿ. ನಮ್ಮ ಮನೆಯಲ್ಲಿ ಬೆಲ್ಲಕ್ಕೇನು ಬರಗಾಲ? ಗಿರಿಯಕ್ಕಂದಿರ ಸರದಿಯಲ್ಲಿ ನಮ್ಮ ಮನೆಯ ದಿನ ಬಂದಾಗ ಸಿದ್ದಕ್ಕ ಮಗಳಿಗೆ ತಲೆ ಬಾಚಿ, ಹೊಸ ಲಂಗ ಹಾಕಿಸಿ ತೂಬಿನ ಮುಂದೆ ನಿಲ್ಲಿಸಿದಳು. ನಾನು ತೊಟ್ಟಿಯ ಹತ್ತಿರ ಮಾಳಕ್ಕನ ಜೊತೆ ಕೂತಿದ್ದೆ. ಅಷ್ಟು ಜನರನ್ನು ನೋಡಿ ಹುಡುಗಿ ತಾಯಿಯ ಸೆರಗು ಹಿಡಿದುಕೊಂಡಳು. "ಕೂಗು ಚಿನ್ನ, ಜೋರಾಗಿ ಕೂಗು" ಎಂದು ಸಿದ್ದಕ್ಕ ಬೆನ್ನು ತಟ್ಟಿದಳು.

ನನ್ನನ್ನು ಹುಟ್ಟಿದ ಮನೆಯಲ್ಲಿ ಕರಿಯವ್ವ ಎನ್ನುತ್ತಿದ್ದರು. ಗಂಡ ಇವಳೇ ಎಂದು ಕರೆದು ಕರೆದೇ ತೀರಿಕೊಂಡ. ಮಕ್ಕಳಿಗೆ ಅವ್ವ, ಅಳಿಯನಿಗೆ ಅತ್ತೆ, ಊರಿಗೆ ತೊಟ್ಟಿಯಕ್ಕ. ಇಷ್ಟು ವರ್ಷ ಗಿರಿಯಕ್ಕ ಎಂದು ನನ್ನನ್ನು ಯಾರೂ ಕರೆದಿರಲಿಲ್ಲ, ಕೂಗಿದ್ದರೆ ನಾನೇ ಕೂಗಿಕೊಂಡಿದ್ದೆ, ಕೆರೆಯ ಮುಂದೆ, ಕೊಡ ಹಿಡಿದುಕೊಂಡು.

ಹುಡುಗಿ ಸೆರಗು ಬಿಟ್ಟು, ಎರಡೂ ಕೈ ಮುಷ್ಟಿ ಮಾಡಿ, ಕಣ್ಣು ಮುಚ್ಚಿ ಕೂಗಿದಳು. "ಗಿರಿಯಕ್ಕಾ..."

ತೂಬಿನಲ್ಲಿ ನೀರು ಬಂತು. ಅದಕ್ಕೂ ಮೊದಲು, "ಓ, ಬಂದೆ ಕಣವ್ವ" ಎಂದು ನಾನು ಎದ್ದು ನಿಂತಿದ್ದೆ.